ಬಸುರಿಯಲ್ಲಿ ಬಿಳಿ, ತುರಿಕೆ: ಹಳೇ ಮಾತ್ರೆ ನುಂಗಬಹುದಾ?

ಪ್ರಶ್ನೆ: ನನಗೀಗ ಆರನೇ ತಿಂಗಳು. ಕೆಳಗೆ ತಡೆಯಲಾಗದ ತುರಿಕೆ, ಗಟ್ಟಿಯಾಗಿ ಬಿಳಿ ಹೋಗುತ್ತಿದೆ. ಹಿಂದೊಮ್ಮೆ ಹೀಗಾದಾಗ ಫ್ಲುಕೊನಜೋಲ್ ಒಂದೇ ಮಾತ್ರೆಗೆ ವಾಸಿಯಾಗಿತ್ತು. ಈಗಲೂ ಅದನ್ನೇ ತಗೊಳ್ಳಲಾ?

ಉತ್ತರ: ಬೇಡ. ಈಗ ನುಂಗುವ ಮಾತ್ರೆಗಿಂತ ಯೋನಿಯೊಳಗೆ ಇಡುವ ಮದ್ದೇ ಸರಿ.

ಫ್ಲುಕೊನಜೋಲ್ ರಕ್ತಕ್ಕೆ ಸೇರಿ ಮಗುವಿನವರೆಗೂ ಹೋಗುತ್ತದೆ. ಈ ಮಾತ್ರೆಗೂ ಗರ್ಭಪಾತಕ್ಕೂ ನಂಟಿರಬಹುದು ಎಂದು ಡೆನ್ಮಾರ್ಕಿನ ಒಂದು ಅಧ್ಯಯನ ಹೇಳಿತು. ಆಮೇಲೆ, 2016ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಎಚ್ಚರಿಕೆ ಕೊಟ್ಟಿತು. ಗೊತ್ತಿಲ್ಲದೆ ಒಂದು ನುಂಗಿಬಿಟ್ಟಿದ್ದರೆ ಗಾಬರಿ ಬೇಡ, ಡಾಕ್ಟರಿಗೆ ಹೇಳಿ.

ಒಳಗೆ ಇಡುವ ಮದ್ದು ಕ್ಲೋಟ್ರಿಮಜೋಲ್ ಹಾಗಲ್ಲ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸಾಮಾನ್ಯವಾಗಿ 100 ಮಿಲಿಗ್ರಾಂ ಗುಳಿಗೆಯನ್ನು ರಾತ್ರಿ ಮಲಗುವಾಗ ಒಳಗಿಡಬೇಕು, 7 ದಿನ. ಮೂರನೇ ದಿನಕ್ಕೇ ತುರಿಕೆ ನಿಂತಿತು ಅಂತ ಬಿಡಬೇಡಿ. ಬಸುರಿಯರಿಗೆ ಒಂದೆರಡು ದಿನದ ಕೋರ್ಸ್ ಸಾಲುವುದಿಲ್ಲ. ಜೊತೆಗೆ ಕೊಡುವ ಪ್ಲಾಸ್ಟಿಕ್ ಕಡ್ಡಿಯನ್ನು ಒತ್ತಿ ತಳ್ಳಬಾರದು. ಕೈ ತೊಳೆದು ಬೆರಳಿನಲ್ಲೇ ಇಡಬಹುದಾ ಎಂದು ಡಾಕ್ಟರನ್ನು ಕೇಳಿ. ರಕ್ತ ಅಥವಾ ನೀರು ಹೋಗುತ್ತಿದ್ದರೆ ಏನನ್ನೂ ಇಡದೆ ಆಸ್ಪತ್ರೆಗೆ ಹೊರಡಿ.

ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಕ್ರೀಮ್ ಕೊಡಿ' ಅಂದರೆ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಕೈಗೆ ಬರುತ್ತದೆ. ತುರಿಕೆ ಎರಡು ದಿನ ಅಡಗುತ್ತದೆ, ಆದರೆ ತುರಿಕೆ ತರುವ ಶಿಲೀಂಧ್ರ (ಫಂಗಸ್) ಒಳಗೊಳಗೇ ಬೆಳೆಯುತ್ತದೆ. ಬೋರಿಕ್ ಆಸಿಡ್ ಗುಳಿಗೆಯಂತೂ ಬಸುರಿಯಲ್ಲಿ ಬೇಡವೇ ಬೇಡ.

ಹೀಗೆ ತುರಿಕೆಯಾಗಿ ಬಿಳಿ ಹೋಗುವುದನ್ನು ನಮ್ಮಲ್ಲಿ 'ಉಷ್ಣ' ಅಂತಾರೆ. ಎಳನೀರು ಕುಡಿಯಿರಿ, ತೊಂದರೆಯಿಲ್ಲ, ಆದರೆ ಕಾರಣ ಬೇರೆ. ಬಸುರಿಯಲ್ಲಿ ಈಸ್ಟ್ರೊಜೆನ್ ಹಾರ್ಮೋನು ಏರಿ, ಯೋನಿಯ ಒಳಪದರದಲ್ಲಿ ಗ್ಲೈಕೊಜೆನ್ ಜಾಸ್ತಿ ತುಂಬುತ್ತದೆ. ಅದು ಸಕ್ಕರೆಯ ದಾಸ್ತಾನು, ಕ್ಯಾಂಡಿಡಾ ಶಿಲೀಂಧ್ರಕ್ಕೆ ಹಬ್ಬದೂಟ. ನಿಮ್ಮ ಸ್ವಚ್ಛತೆಯ ತಪ್ಪೇನಿಲ್ಲ. ಸೋಪು ಹಾಕಿ ಒಳಗೆ ತೊಳೆದರೆ ಇನ್ನಷ್ಟು ಕೆಡುತ್ತದೆ, ಅಷ್ಟೇ.

ಆದರೆ ಇದು ಕ್ಯಾಂಡಿಡಾನೇ ಅಂತ ಮೊದಲು ಖಚಿತವಾಗಬೇಕು, ಅಲ್ವಾ? ಒಡೆದ ಮೊಸರಿನಂತಿದ್ದು, ವಾಸನೆ ಅಷ್ಟಾಗಿ ಇಲ್ಲದಿದ್ದರೆ ಹೆಚ್ಚಾಗಿ ಅದೇ. ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದ ಸೋಂಕಿರಬಹುದು, ಅದರ ಮದ್ದೇ ಬೇರೆ. ತುರಿಕೆ, ಉರಿ, ಕೆಟ್ಟ ವಾಸನೆ ಏನೂ ಇಲ್ಲದ ತೆಳು ಬಿಳಿಗೆ ಮದ್ದೇ ಬೇಡ. ವಾಸಿಯಾಗಿ ಮತ್ತೆ ಮತ್ತೆ ಬಂದರೆ ಶುಗರ್ ಪರೀಕ್ಷೆ ಮಾಡಿಸಿ. ಆರನೇ ತಿಂಗಳಲ್ಲಿ ಹೇಗೂ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆ ಇರುತ್ತದೆ. ಅವತ್ತೇ ಈ ತುರಿಕೆಯ ವಿಷಯವನ್ನೂ ನಾಚಿಕೆಯಿಲ್ಲದೆ ಹೇಳಿಬಿಡಿ.