ತೂತು ಕೊರೆಯುವ ಮುಂಚೆ ವೈರ್ ಎಷ್ಟು ದಪ್ಪ ಅಂತ ಕೇಳಿ

ಮೆಕ್ಕೆಜೋಳದ ಕಟಾವಿನ ಹೊತ್ತು. ಹಾವೇರಿ ಕಡೆಯ ಒಂದು ಹೊಲದಲ್ಲಿ, ನಾವು ವೈರಿಂಗ್ ಮಾಡಿಕೊಟ್ಟ ಕಟಾವು ಯಂತ್ರ ನಿಂತುಬಿಟ್ಟಿತ್ತು. ಹೊಸ ಫ್ಯೂಸ್ ಹಾಕಿದರೆ ಹತ್ತು ನಿಮಿಷ ಓಡುತ್ತದೆ, ಬದು ಹತ್ತಿ ಇಳಿದರೆ ಮತ್ತೆ ಫ್ಯೂಸ್ ಹೋಗುತ್ತದೆ. ಮೇಲೆ ಮೋಡ ಕಟ್ಟಿತ್ತು, ರೈತರು ನನ್ನ ಮುಖ ನೋಡುತ್ತಿದ್ದರು. ಕ್ಯಾಬಿನ್ ಕೆಳಗೆ ತೂರಿ ಟಾರ್ಚ್ ಬಿಟ್ಟೆ. ತಗಡಿನ ತೂತಿನ ಅಂಚು ಒಂದು ಕೆಂಪು ವೈರನ್ನು ಸವೆಸಿ ಸವೆಸಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ಅದು ತಗಡಿಗೆ ತಾಗಿದಾಗ ಶಾರ್ಟ್ ಆಗಿ ಫ್ಯೂಸ್ ಹೋಗುತ್ತಿತ್ತು. ಅಲ್ಲಿ ರಬ್ಬರ್ ಗ್ರೋಮೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ಬಳೆ, ಇರಬೇಕಿತ್ತು, ವೈರಿನ ಕಟ್ಟಿನ ಮೇಲೆ ಅದನ್ನು ಕಾಯುವ ಸುಕ್ಕುಪೈಪ್ ಇರಬೇಕಿತ್ತು. ಎರಡೂ ಇರಲಿಲ್ಲ.

ಮರುದಿನ ಹುಬ್ಬಳ್ಳಿಯ ಗೋಕುಲ ರೋಡಿನ ನಮ್ಮ ಶೆಡ್ಡಿನಲ್ಲಿ ಜೋಡಣೆ ಮಾಡುವ ಹುಡುಗನನ್ನು ಕೇಳಿದೆ. "ಪೈಪ್ ಇದ್ರ ತೂತಿನ್ಯಾಗ ಹೋಗವಲ್ದು ಸರ್, ಅದಕ್ಕ ತೆಗದೀವಿ" ಅಂದ. ಅವನದೇನೂ ತಪ್ಪಿಲ್ಲ. ತಪ್ಪು ಆಗಿದ್ದು ನಮ್ಮ ಡಿಸೈನ್ ಟೇಬಲ್ಲಿನಲ್ಲಿ.

ವೈರಿಂಗ್ ಡಿಸೈನ್ ನನ್ನದು, ತಗಡು-ಚಾಸಿಸ್ ಡಿಸೈನ್ ಮೆಕ್ಯಾನಿಕಲ್‌ನವರದು. ಅವರು ತೂತಿನ ಅಳತೆ ಇಟ್ಟಾಗ ಕಟ್ಟಿನಲ್ಲಿ 22 ವೈರ್ ಇದ್ದವು. ಆಮೇಲೆ ಸೆನ್ಸರ್, ಲೈಟ್ ಅಂತ ನಾನು ಇನ್ನೂ 8 ಸೇರಿಸಿದೆ, ಅವರಿಗೆ ಹೇಳಲಿಲ್ಲ. ಸರ್ಕ್ಯೂಟ್ ಡ್ರಾಯಿಂಗ್‌ನಲ್ಲಿ ಅದು ಎಂಟು ಗೆರೆ, ಗೆರೆಗೆ ದಪ್ಪ ಇರುವುದಿಲ್ಲ ಅಲ್ವಾ. ನಾವು ಬಳಸುವ ಅಂದಾಜು ಲೆಕ್ಕ ಹೀಗಿದೆ: ವೈರುಗಳ ಸಂಖ್ಯೆಯ ವರ್ಗಮೂಲ ತೆಗೆದು, ಒಂದು ವೈರಿನ ಹೊರಗಿನ ವ್ಯಾಸದಿಂದ ಗುಣಿಸಿ, ಮತ್ತೆ 1.2ರಿಂದ ಗುಣಿಸಿ. 2.4 ಮಿ.ಮೀ. ವೈರ್ 22 ಇದ್ದರೆ ಕಟ್ಟು ಸುಮಾರು 13.5 ಮಿ.ಮೀ., 30 ಆದರೆ ಸುಮಾರು 16. ಎರಡೂವರೆ ಮಿಲಿಮೀಟರ್ ಜಾಸ್ತಿ, ಅಷ್ಟೇ. ಆದರೆ ಅಷ್ಟಕ್ಕೇ ಪೈಪಿನ ಸೈಜು, ಗ್ರೋಮೆಟ್, ತೂತು ಎಲ್ಲವೂ ಬದಲಾಗಬೇಕು. ತುದಿಯ ಕನೆಕ್ಟರ್ ಕಟ್ಟಿಗಿಂತ ಅಗಲ, ಅದೂ ಅದೇ ತೂತಿನಲ್ಲಿ ದಾಟಬೇಕು, ಇದನ್ನಂತೂ ಎಷ್ಟೋ ಸಲ ಇಬ್ಬರೂ ಮರೆಯುತ್ತೇವೆ.

ಅವರ ಕಡೆಯಿಂದ ನನಗೆ ಬೇಕಾದದ್ದು ಉದ್ದ. ಕ್ಯಾಬಿನ್‌ನಿಂದ ವಿದ್ಯುತ್ ಕ್ಲಚ್‌ಗೆ 3 ಮೀಟರ್ ಸಾಕು ಅಂದುಕೊಂಡಿದ್ದೆ. ಸೈಲೆನ್ಸರಿನ ಬಿಸಿ ತಪ್ಪಿಸಿ, ಚಾಸಿಸ್ ಸುತ್ತಿ ಬಂದರೆ 5.5 ಮೀಟರ್, ಹೋಗಿ ಬರಲು 11. ಒಂದು ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ ಸುಮಾರು 18.5 ಮಿಲಿಓಮ್ ತಡೆ (ರೆಸಿಸ್ಟೆನ್ಸ್), 5 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಹೋಯಿತು. ಸಿಗುವುದೇ 12 ವೋಲ್ಟ್. ಸರಿ, ದಪ್ಪ ವೈರ್ ಹಾಕೋಣ ಅಂದರೆ ಕಟ್ಟು ಮತ್ತೆ ದಪ್ಪ ಆಗುತ್ತದೆ, ಮತ್ತೆ ತೂತಿನ ಹತ್ತಿರವೇ ಬಂದು ನಿಲ್ಲುತ್ತೇವೆ. ಒಬ್ಬರು ಮುಗಿಸಿ ಇನ್ನೊಬ್ಬರ ಕೈಗೆ ಕೊಡುವ ಕೆಲಸ ಅಲ್ಲ ಇದು.

ಈಗ ಮೊದಲ ಚಾಸಿಸ್ ನಿಂತ ದಿನವೇ, ಕಟ್ಟಿನಷ್ಟೇ ದಪ್ಪದ ನೈಲಾನ್ ಹಗ್ಗ ತಗೊಂಡು ಇಬ್ಬರೂ ಹೋಗುತ್ತೇವೆ, ಜೋಡಣೆಯ ಹುಡುಗನನ್ನೂ ಕರೆಯುತ್ತೇವೆ. ಹಗ್ಗವನ್ನು ನಿಜವಾದ ದಾರಿಯಲ್ಲೇ ಎಳೆದು, ಕ್ಲಾಂಪ್ ಬರುವಲ್ಲಿ ಟೇಪ್ ಸುತ್ತಿ, ಕ್ಯಾಬಿನ್ ಎತ್ತಿ ಇಳಿಸಿ ಎಲ್ಲಿ ಬಿಗಿಯಾಗುತ್ತದೆ ನೋಡುತ್ತೇವೆ. ಆಮೇಲೆ ಹಗ್ಗ ಬಿಚ್ಚಿ ಅಳೆದರೆ ಉದ್ದ ಸಿಕ್ಕಿತು. ಕನೆಕ್ಟರಿಗೆ ಸೇರುವ ಮುಂಚೆ ವೈರ್ ಒಂದಿಷ್ಟು ಕೆಳಗೆ ಜೋತು ಮತ್ತೆ ಮೇಲೇರಬೇಕು ಅಂತ ಹೋದ ಸಲ ಆ ಹುಡುಗನೇ ತೋರಿಸಿದ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿನ ತನಕ ಹೋಗುವುದಿಲ್ಲ. ಉದ್ದಕ್ಕೆ 60 ಮಿ.ಮೀ. ಕೂಡಿಸಿ ಡ್ರಾಯಿಂಗ್ ತಿದ್ದಿದೆವು.