ಬೆಕ್ಕು ಸಾಧುವೇ ಇರಬಹುದು, ಆದರೂ ಪೆಟ್ಟಿಗೆ ಬೇಕು

‘ನಮ್ಮ ಬೆಕ್ಕು ತುಂಬಾ ಸಾಧು ಡಾಕ್ಟ್ರೇ. ಪೆಟ್ಟಿಗೆಯೆಲ್ಲ ಬೇಡ, ಮಡಿಲಲ್ಲೇ ಕೂರುತ್ತೆ.’

ನಮ್ಮ ಪಶು ಆಸ್ಪತ್ರೆಗೆ ಬೆಕ್ಕು ತರುತ್ತೇವೆ ಎಂದು ಫೋನ್ ಮಾಡುವವರಿಂದ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ‘ಇಲ್ಲ, ಬೆಕ್ಕು ಒಯ್ಯುವ ಪೆಟ್ಟಿಗೆಯಲ್ಲೇ ತನ್ನಿ’ ಅಂದರೆ ಅವರಿಗೆ ಬೇಜಾರು. ಮಗುವಿನ ಹಾಗೆ ಸಾಕಿದ್ದನ್ನು ಕೂಡಿಹಾಕು ಅನ್ನುತ್ತಾರಲ್ಲ ಅಂತ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಒಂದು ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಸಾಕಿದವರು ಜೊತೆಗಿದ್ದರೆ ಎಷ್ಟೋ ನಾಯಿಗಳಿಗೆ ಅಷ್ಟೇ ಸಾಕು. ಬೆಕ್ಕಿಗೆ ಜಾಗ ಮುಖ್ಯ. ಅದು ಬಾಗಿಲಿಗೆ, ಕುರ್ಚಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತೆ ಅಲ್ವಾ? ಕೆನ್ನೆಯ ಗ್ರಂಥಿಗಳಿಂದ ಬರುವ ತನ್ನ ವಾಸನೆಯನ್ನು ಅಲ್ಲೆಲ್ಲ ಬಿಡುತ್ತಿರುತ್ತದೆ. ಆ ವಾಸನೆ ಇರುವ ಕಡೆ ಅದಕ್ಕೆ ಧೈರ್ಯ. ಜೀಪು ಹತ್ತಿದ ಕೂಡಲೇ ಅದೆಲ್ಲ ಹೋಯಿತು. ಡೀಸೆಲ್ ವಾಸನೆ, ಹಾರ್ನ್, ಪಕ್ಕದಲ್ಲೇ ಹಾದುಹೋಗುವ ಲಾರಿ. ಹೆದರಿದ ಬೆಕ್ಕು ಎಲ್ಲಾದರೂ ಅಡಗಲು ನೋಡುತ್ತದೆ, ಇಲ್ಲವೇ ಎತ್ತರಕ್ಕೆ ಹತ್ತುತ್ತದೆ. ನೀವು ಅಪ್ಪಿ ಹಿಡಿದರೆ ಎರಡಕ್ಕೂ ದಾರಿಯಿಲ್ಲ. ಆಗ ಉಗುರು, ಹಲ್ಲು ಬರುತ್ತವೆ. ಅದು ಸಿಟ್ಟಲ್ಲ, ಭಯ. ಮನೆಯಲ್ಲಿ ಎಷ್ಟು ಸಾಧು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಮ್ಮ ಕೊಡಗಿನ ಸಿದ್ದಾಪುರದ ಕಡೆಯ ಅಕ್ಕ ಒಬ್ಬರು ಲಸಿಕೆ ಹಾಕಿಸಲು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಆಟೋದಲ್ಲಿ ತಂದರು. ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ ಹಿಂದಿನಿಂದ ಬಸ್ಸಿನ ಹಾರ್ನ್ ಬಿತ್ತು. ಬೆಕ್ಕು ಅವರ ಭುಜ ಹತ್ತಿ ಹೊರಗೆ ಹಾರಿತು. ನನ್ನ ಹತ್ತಿರ ಬಂದಾಗ ಅವರ ಕೈತುಂಬ ರಕ್ತ, ಬೆಕ್ಕಿಲ್ಲ. ಅಂಗಡಿಯವರು, ಆಟೋದವರು ಎಲ್ಲ ಸೇರಿ ಹುಡುಕಿದರು. ಕೊನೆಗೆ ಒಂದು ಗೋದಾಮಿನ ಅಟ್ಟದಲ್ಲಿ ಸಿಕ್ಕಿತು. ಎಲ್ಲರಿಗೂ ಹೀಗೆ ಸಿಗುವುದಿಲ್ಲ. ಅಂದಹಾಗೆ, ಬೆಕ್ಕು ಕಚ್ಚಿದ ಗಾಯ ಸಣ್ಣದಾಗಿ ಕಂಡರೂ ಹಲ್ಲು ಆಳಕ್ಕೆ ಇಳಿದಿರುತ್ತದೆ, ಬೇಗ ಕೀವಾಗುತ್ತದೆ. ಕಚ್ಚಲಿ, ಪರಚಲಿ, 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ರೇಬಿಸ್ ವಿಷಯದಲ್ಲಿ ‘ಮನೆ ಬೆಕ್ಕು ತಾನೇ’ ಅನ್ನಬೇಡಿ.

ಪೆಟ್ಟಿಗೆಯನ್ನು ಜೈಲು ಅಂದುಕೊಂಡಿದ್ದೀರಿ, ತೊಂದರೆ ಇರುವುದೇ ಅಲ್ಲಿ. ಅದರ ಗಟ್ಟಿ ಗೋಡೆ ಬೆಕ್ಕಿಗೆ ಅಡಗುವ ಜಾಗ. ಒಳಗೆ ಅದು ದಿನಾ ಮಲಗುವ ಬಟ್ಟೆ ಹಾಸಿದರೆ ಮನೆಯ ಒಂದು ಮೂಲೆಯೇ ಜೊತೆಗೆ ಬಂದ ಹಾಗೆ. ಆದರೆ ಡಾಕ್ಟರ ಹತ್ತಿರ ಹೊರಡುವ ದಿನ ಮಾತ್ರ ಅಟ್ಟದಿಂದ ಇಳಿಸಿದ ಪೆಟ್ಟಿಗೆಗೆ ಈ ಗುಣ ಬರುವುದಿಲ್ಲ. ಅದನ್ನು ನೋಡಿದ ಕೂಡಲೇ ಬೆಕ್ಕು ಮಂಚದ ಕೆಳಗೆ ಓಡುತ್ತದೆ. ಬಾಗಿಲು ತೆಗೆದು ವರ್ಷವಿಡೀ ಮನೆಯಲ್ಲೇ ಇಟ್ಟಿರಿ. ಊಟ ಅದರೊಳಗೇ ಇಡಿ. ಕೆಲವು ಬೆಕ್ಕುಗಳು ವಾರದಲ್ಲೇ ಒಳಗೆ ಮಲಗುತ್ತವೆ, ಕೆಲವಕ್ಕೆ ತಿಂಗಳು ಬೇಕಾಗುತ್ತದೆ. ಆಮೇಲೆ ಬಾಗಿಲು ಹಾಕಿ ಸ್ವಲ್ಪ ಹೊತ್ತು ಎತ್ತಿಕೊಂಡು ಓಡಾಡಿ. ದುಡ್ಡಿನ ತೊಂದರೆ ಇದ್ದರೆ ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟ್ ಎರಡು ತೆಗೆದುಕೊಂಡು, ಒಂದರ ಮೇಲೆ ಇನ್ನೊಂದನ್ನು ಬೋರಲು ಹಾಕಿ ಗಟ್ಟಿಯಾಗಿ ಕಟ್ಟಿ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗನೊಬ್ಬ ಹಾಗೆ ಮಾಡಿಕೊಂಡು ಬಂದಿದ್ದ. ಅದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ಕಾಫಿ ತುಂಬುವ ಗೋಣಿಚೀಲ ಮಾತ್ರ ಬೇಡವೇ ಬೇಡ. ಸೆಣಬಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಒಳಗೆ ಸೆಕೆ, ಬೆಕ್ಕಿಗೆ ಏನಾಗುತ್ತಿದೆ ಎಂದು ನಿಮಗೂ ಕಾಣುವುದಿಲ್ಲ. ರಟ್ಟಿನ ಡಬ್ಬವೂ ನಮ್ಮ ಮಳೆಗಾಲಕ್ಕಲ್ಲ. ಒಮ್ಮೆ ಮೂತ್ರ ಮಾಡಿದರೆ ತಳವೇ ಕಿತ್ತುಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ರಸ್ತೆಯೇ, ರಸ್ತೆಯೆಂದರೆ ತಿರುವೇ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಇಳಿಯುವಾಗ ಮನುಷ್ಯರೇ ವಾಂತಿ ಮಾಡುತ್ತಾರೆ, ಬೆಕ್ಕಿಗೂ ಹಾಗೇ ಆಗುತ್ತದೆ. ಜೊಲ್ಲು ಸುರಿಸಿದರೆ ಹೊಟ್ಟೆ ತೊಳಸುತ್ತಿದೆ ಎಂದು ಅರ್ಥ. ಹೊರಡುವ ನಾಲ್ಕೈದು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಕೊಡಿ. ತೀರಾ ಮರಿ ಅಥವಾ ಸಕ್ಕರೆ ಕಾಯಿಲೆಯ ಬೆಕ್ಕಾದರೆ ನಿಮ್ಮ ಪಶುವೈದ್ಯರನ್ನು ಕೇಳದೆ ಉಪವಾಸ ಹಾಕಬೇಡಿ. ಪೆಟ್ಟಿಗೆಯನ್ನು ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ ಅಲುಗದ ಹಾಗೆ ಇಡಿ. ಮೇಲೆ ತೆಳು ಬಟ್ಟೆ ಮುಚ್ಚಿ, ಗಾಳಿಗೆ ಒಂದು ಬದಿ ಬಿಡಿ. ದಾರಿಯಲ್ಲಿ ಪಾಪ ಅನ್ನಿಸಿ ಬಾಗಿಲು ತೆಗೆಯಬೇಡಿ.

ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಗಾಡಿ ನಿಲ್ಲಿಸಿ, ಗಾಳಿ ಬರುವಂತೆ ಮಾಡಿ, ಪಶುವೈದ್ಯರಿಗೆ ಫೋನ್ ಮಾಡಿ. ನಾಯಿ ಹಾಗೆ ಉಸಿರಾಡುವುದು ಸಹಜ, ಬೆಕ್ಕು ಹಾಗಲ್ಲ. ಮಡಿಕೇರಿ ತಂಪು ಎಂದು ನಂಬಿ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವುದೂ ಬೇಡ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟಬಹುದು.

ನಿಮ್ಮ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಬೆಕ್ಕಿನ ಜೀವ ತೆಗೆಯಬಲ್ಲದು. ಪ್ರಯಾಣದ ಭಯಕ್ಕೆ, ವಾಂತಿಗೆ ಬೆಕ್ಕಿಗೆ ಕೊಡಬಹುದಾದ ಔಷಧಿಗಳಿವೆ. ಆದರೆ ತೂಕ ನೋಡಿ, ಮೂತ್ರಪಿಂಡ, ಹೃದಯದ ಸ್ಥಿತಿ ನೋಡಿ ಬರೆಯಬೇಕು. ಫೋನಿನಲ್ಲಿ ಡೋಸ್ ಕೇಳಿದರೆ ನಾನು ಹೇಳುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ.

ಪೆಟ್ಟಿಗೆ ವರ್ಷವಿಡೀ ಮನೆಯಲ್ಲಿರಲಿ ಅನ್ನಲು ಇನ್ನೊಂದು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಅಂಥ ಹೊತ್ತಿನಲ್ಲಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪೆಟ್ಟಿಗೆಯಲ್ಲೇ ಮಲಗುವ ಬೆಕ್ಕಾದರೆ ಬಾಗಿಲು ಹಾಕಿ ಎತ್ತಿಕೊಂಡು ಹೋಗಬಹುದು. ಜೂನ್‌ಗೆ ಮೊದಲೇ ಈ ಅಭ್ಯಾಸ ಮಾಡಿಸಿ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ಆಸ್ಪತ್ರೆಯಿಂದ ಬಂದದ್ದನ್ನು ಆ ರಾತ್ರಿ ಬೇರೆ ಕೋಣೆಯಲ್ಲಿಡಿ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಅಣ್ಣನನ್ನೇ ತಮ್ಮ ಗುರುತಿಸದೆ ಗುರ್ ಅನ್ನುತ್ತದೆ. ಮನೆಯ ಹಳೇ ಬಟ್ಟೆಯಿಂದ ಮೈ ಒರೆಸಿ, ಮರುದಿನ ಒಟ್ಟಿಗೆ ಬಿಡಿ.