ಗೊತ್ತಿಲ್ಲದಿದ್ದರೆ ಮುಟ್ಟಬೇಡ

ಲ್ಯಾಪ್‌ಟಾಪಿನಲ್ಲಿ 10 ಜಿಬಿಯ ಒಂದು ಡಿಸ್ಕ್ ಮಾಡಿದೆ. ಫೈಲಿನ ಗಾತ್ರ ನೋಡಿದರೆ 200 ಕೆಬಿಯ ಆಸುಪಾಸು! ಮೋಸವೇನಿಲ್ಲ, ಅದು ವರ್ಚುವಲ್ ಮಶೀನಿಗೆಂದು, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರಿಗೆಂದು, ಮಾಡಿದ ಕ್ಯೂಕೌ2 ಮಾದರಿಯ ಫೈಲು. ಒಳಗೆ ಓಡುವ ಲಿನಕ್ಸ್ ತನಗೆ 10 ಜಿಬಿ ಇದೆಯೆಂದೇ ನಂಬಿರುತ್ತದೆ. ಬರೆದಂತೆಲ್ಲ ಫೈಲು ಬೆಳೆಯುತ್ತದೆ, ಅಷ್ಟೇ.

ಇಂಥ ಫೈಲುಗಳನ್ನು ಮಾಡುವ, ಹಿಗ್ಗಿಸುವ, ಪರೀಕ್ಷಿಸುವ ಉಪಕರಣ ಕ್ಯೂಎಮು-ಇಮ್ಗ್. ವರ್ಚುವಲ್ ಮಶೀನುಗಳನ್ನು ಓಡಿಸಲೆಂದು ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಕ್ಯೂಎಮು ಯೋಜನೆಯ ಕೂಸು ಇದು. ಕ್ಯೂಕೌ2 ಮಾದರಿಯು ಡಿಸ್ಕನ್ನು ಸಾಮಾನ್ಯವಾಗಿ 64 ಕೆಬಿಯ ತುಂಡುಗಳಾಗಿ ಎಣಿಸಿ, ಯಾವ ತುಂಡು ಫೈಲಿನಲ್ಲಿ ಎಲ್ಲಿದೆ ಎಂಬುದನ್ನು ಎರಡು ಹಂತದ ಪಟ್ಟಿಯಲ್ಲಿ ಬರೆದಿಡುತ್ತದೆ.

ಈ ಮಾದರಿಗೆ ಹೊಸ ಸೌಲಭ್ಯ ಸೇರಿಸುವುದು ಸುಲಭವಲ್ಲ. ಇವತ್ತು ಮಾಡಿದ ಫೈಲು ನಾಳೆ ಯಾರದೋ ಹಳೆಯ ಸರ್ವರ್‌ಗೆ ಹೋಗಿ ಕೂರುತ್ತದೆ. ಅಲ್ಲಿನ ಹಳೆಯ ಪ್ರೋಗ್ರಾಂ ಅರೆಬರೆ ಅರ್ಥ ಮಾಡಿಕೊಂಡು ಬರೆಯತೊಡಗಿದರೆ ಇಡೀ ಡಿಸ್ಕೇ ಹಾಳು. 2012ರ ಕ್ಯೂಎಮು 1.1 ಇದಕ್ಕೆ ಹೂಡಿದ ಉಪಾಯ ನನಗೆ ಬಹಳ ಇಷ್ಟ. ಫೈಲಿನ ಆರಂಭದ ವಿವರಗಳ ಭಾಗವಾದ ತಲೆಬರಹದಲ್ಲೇ ತಲಾ 64 ಬಿಟ್‌ಗಳ ಮೂರು ಖಾನೆಗಳು, ಮುಂದೆ ಬರಲಿರುವ ಸೌಲಭ್ಯಗಳಿಗೆ; ಒಂದೊಂದು ಬಿಟ್ ಒಂದೊಂದು ಸೌಲಭ್ಯದ ಗುರುತು.

ಮೊದಲನೆಯದರಲ್ಲಿ ಗುರುತಿಲ್ಲದ ಬಿಟ್ ಕಂಡರೆ ಫೈಲನ್ನು ತೆರೆಯಲೇಬಾರದು. ಎರಡನೆಯದರಲ್ಲಿ ಕಂಡರೆ ಚಿಂತೆಯಿಲ್ಲ, ಮುಂದುವರಿ. ಮೂರನೆಯದು ಜಾಣತನದ್ದು: ಬರೆಯಬಹುದು, ಆದರೆ ಗೊತ್ತಿಲ್ಲದ ಬಿಟ್ಟನ್ನು ಅಳಿಸಿಬಿಡಬೇಕು. ಉದಾಹರಣೆಗೆ, ಕಳೆದ ಬ್ಯಾಕಪ್ ಆದಮೇಲೆ ಯಾವ್ಯಾವ ತುಂಡು ಬದಲಾಯಿತು ಎಂಬ ಪಟ್ಟಿಯನ್ನು ಫೈಲಿನೊಳಗೇ ಇಡಬಹುದು. ಹಳೆಯ ಪ್ರೋಗ್ರಾಂ ಆ ಪಟ್ಟಿಯನ್ನು ಮುಟ್ಟದೆ ಡಿಸ್ಕಿಗೆ ಬರೆದರೆ ಪಟ್ಟಿ ಸುಳ್ಳಾಗುತ್ತದೆ, ಮುಂದಿನ ಬ್ಯಾಕಪ್‌ನಲ್ಲಿ ಆ ಬದಲಾವಣೆಗಳೇ ತಪ್ಪಿಹೋಗುತ್ತವೆ. ಬಿಟ್ ಅಳಿದಿದ್ದರೆ ಹೊಸ ಪ್ರೋಗ್ರಾಮಿಗೆ ಸುಳಿವು ಸಿಕ್ಕಂತೆ, ಪಟ್ಟಿಯನ್ನು ಅದು ನಂಬುವುದಿಲ್ಲ.

ಮೊದಲ ಖಾನೆಯ ಬಳಕೆಗೆ 2020ರ 5.2 ಆವೃತ್ತಿ ನೋಡಿ. ಮೂಲ ಡಿಸ್ಕ್ ಫೈಲಿನ ಮೇಲೆ ಇನ್ನೊಂದು ಫೈಲನ್ನು ಪದರವಾಗಿ ಹೊದಿಸಿದ ಡಿಸ್ಕಿನಲ್ಲಿ ಬರೀ 4 ಕೆಬಿ ಬರೆದರೂ, ತುಂಡಿನ ಉಳಿದ 60 ಕೆಬಿಯನ್ನು ಕೆಳಗಿನಿಂದ ನಕಲು ಮಾಡಬೇಕಿತ್ತು. ಈಗ ಒಂದೊಂದು ತುಂಡನ್ನೂ 32 ಚೂರು ಮಾಡಿ ಲೆಕ್ಕ ಇಡಬಹುದು. ಆದರೆ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯ ಒಂದು ಸಾಲು 8 ಬೈಟ್‌ನಿಂದ 16ಕ್ಕೆ ಏರಿತು. ಹಳಬರು ಓದಿದರೆ ಎಲ್ಲ ಅಯೋಮಯ.

ಆದ್ದರಿಂದ ಹಳೆಯ ಪ್ರೋಗ್ರಾಂ ಅದನ್ನು ತೆರೆಯದೆ ನಿಲ್ಲುತ್ತದೆ. ಸುಮ್ಮನೆ ನಿಲ್ಲುವುದೂ ಇಲ್ಲ. ಸೌಲಭ್ಯಗಳ ಹೆಸರುಗಳನ್ನೂ ಫೈಲಿನಲ್ಲೇ ಬರೆದಿಡುವ ಏರ್ಪಾಡಿದೆ. ಹಾಗಾಗಿ ತಾನು ಹುಟ್ಟಿದಾಗ ಇನ್ನೂ ಇರದಿದ್ದ ಸೌಲಭ್ಯವನ್ನು ಹೆಸರು ಹಿಡಿದೇ ಹೇಳಿ, ಇದು ನನಗೆ ಬಾರದು ಎನ್ನುತ್ತದೆ.